ಹಸ್ಕಿಯ ಪ್ರಕೃತಿ, ಸಾಕುವವರ ಧರ್ಮ

ನಮ್ಮ ನಗರಗಳಲ್ಲಿ, ವಿಶೇಷವಾಗಿ ಬೆಂಗಳೂರಿನಲ್ಲಿ, ಸಂಜೆಯ ಹೊತ್ತು ಉದ್ಯಾನಗಳ ಸುತ್ತ ನಡೆಯುವವರಿಗೆ ಸೈಬೀರಿಯನ್ ಹಸ್ಕಿ ಎಂಬ ನಾಯಿಯ ಪರಿಚಯ ಈಗ ಹೊಸದೇನಲ್ಲ. ತೋಳವನ್ನು ನೆನಪಿಸುವ ಮುಖ, ನಿಮಿರಿದ ಕಿವಿ, ಅನೇಕ ವೇಳೆ ನೀಲಿಯಾದ ಕಣ್ಣು, ಬೆನ್ನಿನ ಮೇಲೆ ಬಾಗಿದ ಪೊದೆಬಾಲ, ಮೈತುಂಬ ದಟ್ಟವಾದ ತುಪ್ಪಳ—ಇಷ್ಟೊಂದು ಚೆಲುವನ್ನು ಒಂದೇ ದೇಹದಲ್ಲಿ ಕಂಡ ಮಕ್ಕಳು ಮನೆಗೆ ಬಂದು ತಮಗೂ ಅಂಥದೊಂದು ಬೇಕೆಂದು ಹಟ ಹಿಡಿಯುವುದೂ, ಆ ಹಟಕ್ಕೆ ಮಣಿದ ತಂದೆತಾಯಿಗಳು ಹುಟ್ಟುಹಬ್ಬದ ಉಡುಗೊರೆಯೆಂದು ಮರಿಯನ್ನು ಕೊಂಡುತರುವುದೂ ಸಹಜವೇ ಸರಿ. ಆ ಮೆಚ್ಚುಗೆಯನ್ನು ನಾನು ಹಳಿಯಲಾರೆ. ಆದರೆ ಮೆಚ್ಚುವುದು ಒಂದು, ಪೋಷಿಸುವುದು ಮತ್ತೊಂದು. ಮೆಚ್ಚುವುದಕ್ಕೆ ಕಣ್ಣು ಸಾಕು, ಪೋಷಿಸುವುದಕ್ಕೆ ಆ ಪ್ರಾಣಿಯ ಪ್ರಕೃತಿಯ ಜ್ಞಾನವೂ, ಅದಕ್ಕೆ ಅನುಸಾರವಾಗಿ ನಮ್ಮ ದಿನಚರಿಯನ್ನು ತಿದ್ದಿಕೊಳ್ಳುವ ಸಂಕಲ್ಪವೂ ಬೇಕು. ಹಸ್ಕಿಯನ್ನು ಸಾಕುವುದೆಂದರೆ ಚಳಿ, ದುಡಿಮೆ, ಬಳಗ ಎಂಬ ಮೂರನ್ನೂ ಒಟ್ಟಾಗಿ ಅದಕ್ಕೆ ಒದಗಿಸುವುದು. ಈ ಮೂರರಲ್ಲಿ ಒಂದನ್ನಾದರೂ ಕೊಡಲಾರದ ಮನೆಯು, ಎಷ್ಟೇ ಅಕ್ಕರೆಯಿಂದ ತುಂಬಿದ್ದರೂ, ಅದಕ್ಕೆ ತಕ್ಕ ಮನೆಯಾಗಲಾರದು. ಓದುಗರ ಮುಂದೆ ನಾನು ನಿವೇದಿಸಬಯಸುವ ಅಭಿಪ್ರಾಯವು ಇದೇ. ಅದಕ್ಕೆ ಆಧಾರವಾದ ಸಂಗತಿಗಳನ್ನು ಈ ನಾಯಿಗಳ ಬಳಗದೊಡನೆ ನಿಜವಾಗಿ ಬಾಳಿದ ಜನರ ಅನುಭವದಿಂದಲೇ ಎತ್ತಿಕೊಳ್ಳುತ್ತೇನೆ.

ಏಷ್ಯಾ ಖಂಡದ ಈಶಾನ್ಯದ ಕೊನೆಯಲ್ಲಿ, ಬೇರಿಂಗ್ ಜಲಸಂಧಿಗೆ ಮುಖಮಾಡಿ ನಿಂತಿರುವ ಚುಕೋತ್ಕಾ ಪ್ರದೇಶವೇ ಈ ತಳಿಯ ಮೂಲಸ್ಥಾನ. ಅಲ್ಲಿನ ಕಡಲತೀರದ ಚುಕ್ಚಿ ಜನರು ಸೀಲ್, ವಾಲ್ರಸ್ ಮೊದಲಾದ ಜಲಪ್ರಾಣಿಗಳ ಬೇಟೆಯಿಂದ ಜೀವಿಸತಕ್ಕವರು. ಹೆಪ್ಪುಗಟ್ಟಿದ ಕಡಲಿನ ಮೇಲೆ ಬಹುದೂರ ಹೋಗಿ, ಬೇಟೆಯ ಭಾರವನ್ನು ಹಿಮಬಂಡಿಯಲ್ಲಿ ಹೇರಿಕೊಂಡು ಮರಳಬೇಕಾಗಿದ್ದ ಅವರಿಗೆ, ಅಲ್ಪಾಹಾರದಲ್ಲಿ ದೀರ್ಘಕಾಲ ಮಿತವೇಗದಿಂದ ಓಡಬಲ್ಲ, ಒಂದರೊಡನೊಂದು ಜಗಳವಾಡದೆ ಕೂಡಿ ದುಡಿಯಬಲ್ಲ ನಾಯಿಗಳು ಬೇಕಾಗಿದ್ದುವು. ಹಸ್ಕಿಯ ದೇಹವೂ ಸ್ವಭಾವವೂ ಈ ಅಗತ್ಯದಿಂದಲೇ ರೂಪುಗೊಂಡುವು. ನಾಯಿಗಳಿಂದ ಬಂಡಿಯೆಳೆಸುವ ವಿದ್ಯೆಯಾದರೋ ಅತ್ಯಂತ ಪ್ರಾಚೀನವಾದುದು. ಸೈಬೀರಿಯಾದ ಉತ್ತರಕ್ಕಿರುವ ಝೋಖೋವ್ ದ್ವೀಪದಲ್ಲಿ ದೊರೆತ, ಸುಮಾರು 9,500 ವರ್ಷಗಳಷ್ಟು ಹಳೆಯ ನಾಯಿಯೊಂದರ ಅವಶೇಷದಿಂದ ಅದರ ವಂಶವಾಹಿಗಳನ್ನು ಓದಿ, ಇಂದಿನ ಹಿಮಬಂಡಿಯ ನಾಯಿಗಳಿಗೂ ಅದಕ್ಕೂ ನಿಕಟವಾದ ಬಾಂಧವ್ಯವುಂಟೆಂದು ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದರು. ಹಲವು ಸಹಸ್ರ ವರ್ಷಗಳಿಂದ ಓಟವನ್ನೇ ಬಾಳಾಗಿಸಿಕೊಂಡು ಬಂದ ಕುಲದ ಪ್ರಾಣಿಯನ್ನು ಹನ್ನೆರಡನೆಯ ಮಹಡಿಯ ಬಾಲ್ಕನಿಯಲ್ಲಿ ಕಟ್ಟಿಹಾಕಿದೊಡನೆ ಅದರ ರಕ್ತದಲ್ಲಿರುವ ಆ ಸಂಸ್ಕಾರವು ಅಳಿದುಹೋದೀತೆಂದು ನಿರೀಕ್ಷಿಸುವುದು ವಿವೇಕವಲ್ಲ.

ಬೇರಿಂಗ್ ಜಲಸಂಧಿಯನ್ನು ದಾಟಿ ಈ ನಾಯಿಗಳು ಅಮೆರಿಕವನ್ನು ಸೇರಿದ ಕಥೆಯೂ ಅರಿಯತಕ್ಕದ್ದೇ ಆಗಿದೆ. 1909ರಲ್ಲಿ ವಿಲಿಯಂ ಗೂಸಾಕ್ ಎಂಬ ರಷ್ಯನ್ ವ್ಯಾಪಾರಿಯು ಅಲಾಸ್ಕಾದ ನೋಮ್ ಪಟ್ಟಣಕ್ಕೆ ಅವುಗಳ ತಂಡವೊಂದನ್ನು ತಂದು ಅಲ್ಲಿನ ದೊಡ್ಡ ಪಂದ್ಯದಲ್ಲಿ ಓಡಿಸಿದಾಗ, ದಪ್ಪಮೈಯ ನಾಯಿಗಳನ್ನು ಕಂಡು ರೂಢಿಯಾಗಿದ್ದ ಜನರು ಇವುಗಳ ಪುಟ್ಟ ಗಾತ್ರವನ್ನು ನೋಡಿ ನಕ್ಕರು. ಮರುವರ್ಷವೇ, ಸುಮಾರು 650 ಕಿಲೋಮೀಟರುಗಳ ಅದೇ ಪಂದ್ಯವನ್ನು ಜಾನ್ ಜಾನ್ಸನ್ ಎಂಬವನು ಸೈಬೀರಿಯಾದ ನಾಯಿಗಳ ತಂಡದಿಂದ ಗೆದ್ದನು. ನಕ್ಕವರ ಬಾಯಿ ಕಟ್ಟಿತು. 1930ರಲ್ಲಿ ಅಮೆರಿಕನ್ ಕೆನೆಲ್ ಕ್ಲಬ್ಬು ಸೈಬೀರಿಯನ್ ಹಸ್ಕಿಗೆ ತಳಿಯೆಂಬ ಮನ್ನಣೆಯನ್ನಿತ್ತಿತು. ಗಂಡುನಾಯಿಯ ತೂಕ 20ರಿಂದ 27 ಕಿಲೋ, ಹೆಣ್ಣಿನದು 16ರಿಂದ 23 ಕಿಲೋ ಮಾತ್ರ. ಬಲವೆಲ್ಲವೂ ಅವುಗಳ ಸಹನಶಕ್ತಿಯಲ್ಲಿಯೂ ಕೂಟದಲ್ಲಿಯೂ ಇದೆಯೇ ಹೊರತು ಒಂಟಿಮೈಯ ತೋರದಲ್ಲಿಲ್ಲ.

ಇಂಥ ನಾಯಿಗಳು ಇಪ್ಪತ್ತೋ ಮೂವತ್ತೋ ಒಂದೆಡೆ ಬಾಳುವ ಅಂಗಳದಲ್ಲಿ ದಿನವು ಹೇಗೆ ಕಳೆಯುವುದೆಂಬುದನ್ನು ತಿಳಿಯುವುದಕ್ಕೆ ಅಲಾಸ್ಕಾದ ಡೆನಾಲಿ ರಾಷ್ಟ್ರೀಯ ಉದ್ಯಾನವು ಅತ್ಯುತ್ತಮವಾದ ನಿದರ್ಶನ. ಆ ಉದ್ಯಾನದ ಮೊದಲ ಮೇಲ್ವಿಚಾರಕನಾದ ಹ್ಯಾರಿ ಕಾರ್ಸ್ಟೆನ್ಸನು 1922ರಲ್ಲಿ ನಾಯಿಗಳನ್ನು ಕೊಂಡು ಆರಂಭಿಸಿದ ನಾಯಿಶಾಲೆಯು ಇಂದಿಗೂ ನಡೆದುಬರುತ್ತಿದೆ. ಅಲ್ಲಿರುವುವು ಪ್ರದರ್ಶನಕ್ಕಾಗಿ ಬೆಳೆಸಿದ ಶುದ್ಧತಳಿಯ ನಾಯಿಗಳಲ್ಲ. ದುಡಿಮೆಯ ಯೋಗ್ಯತೆಯೊಂದನ್ನೇ ಲಕ್ಷಿಸಿ ತಲೆಮಾರುಗಳಿಂದ ಬೆಳೆಸಿದ ಅಲಾಸ್ಕನ್ ಹಸ್ಕಿಗಳು. ಯಂತ್ರವಾಹನಗಳಿಗೆ ಪ್ರವೇಶವಿಲ್ಲದ ಅರಣ್ಯಭಾಗಗಳಲ್ಲಿ ಚಳಿಗಾಲದುದ್ದಕ್ಕೂ ಕಾವಲುಗಾರರನ್ನೂ ಸಾಮಗ್ರಿಗಳನ್ನೂ ಹೊತ್ತು ಸಂಚರಿಸುವುದು ಅವುಗಳ ಉದ್ಯೋಗ. ಬೇಸಿಗೆಯಲ್ಲಿ ಬಂಡಿಯ ಕೆಲಸವಿಲ್ಲದಾಗ, ಪ್ರತಿಯೊಂದು ನಾಯಿಯನ್ನೂ ನಡೆದಾಡಿಸುವುದಕ್ಕೆಂದೇ ಸ್ವಯಂಸೇವಕರು ನೇಮಿತರಾಗುತ್ತಾರೆ. ಸುಮಾರು ಒಂಬತ್ತನೆಯ ವಯಸ್ಸಿಗೆ ನಾಯಿಗೆ ನಿವೃತ್ತಿ; ಆಮೇಲೆ ಚಳಿಯ ನಾಡಿನ, ಚಟುವಟಿಕೆಯುಳ್ಳ ಮನೆಗಳನ್ನು ಅರಸಿ ಅದನ್ನು ದತ್ತು ಕೊಡುತ್ತಾರೆ. ಸರ್ಕಾರದ ಒಂದು ಇಲಾಖೆಯು ನೂರು ವರ್ಷಕ್ಕೂ ಮಿಕ್ಕಿ, ಮೂಕಪ್ರಾಣಿಗಳ ಬಾಲ್ಯ, ದುಡಿಮೆ, ವಾರ್ಧಕ್ಯ ಮೂರಕ್ಕೂ ಹೊಣೆಹೊತ್ತು ನಡೆದುಕೊಂಡುಬಂದಿರುವ ಈ ಬಗೆಯು ಎಲ್ಲ ಸಾಕುವವರಿಗೂ ಪಾಠವಾಗತಕ್ಕದ್ದು.

ಅಲಾಸ್ಕಾದ ಬಂಡಿಕಾರರಲ್ಲಿ ಒಂದು ಕಟ್ಟಳೆಯಿದೆ: ನಾಯಿಗಳ ಊಟ ಮೊದಲು, ತಮ್ಮ ಊಟ ಆಮೇಲೆ. ಬೆಳಗಾಗುತ್ತಲೇ ಅಂಗಳದ ಮಲವನ್ನು ಎತ್ತಿ ಶುಚಿಮಾಡಬೇಕು. ಬಳಗದಲ್ಲಿ ಒಂದಕ್ಕೆ ಹೊಟ್ಟೆಯ ಹುಳುವೋ ಸೋಂಕೋ ತಗುಲಿದರೆ ಎಲ್ಲಕ್ಕೂ ಹರಡುವುದಾದ್ದರಿಂದ ಈ ಕೆಲಸಕ್ಕೆ ಒಂದು ದಿನವೂ ರಜೆಯಿಲ್ಲ. ಚಳಿಯಲ್ಲಿ ನಾಯಿಗಳು ಬರಿಯ ನೀರನ್ನು ತಾವಾಗಿ ಸಾಕಷ್ಟು ಕುಡಿಯಲಾರವಾಗಿ, ಮಾಂಸದ ಸಾರನ್ನೋ ಮೀನಿನ ಚೂರನ್ನೋ ಬೆರೆಸಿದ ಬೆಚ್ಚಗಿನ ನೀರನ್ನಿಟ್ಟು ಅವು ಕುಡಿಯುವಂತೆ ಒಲಿಸಬೇಕು. ಪ್ರತಿಯೊಂದರ ಗೂಡಿನಲ್ಲಿಯೂ ಒಣಹುಲ್ಲನ್ನು ಹಾಸಬೇಕು. ಬೆರಳುಗಳ ಸಂದಿನಲ್ಲಿ ಹಿಮವು ಗಂಟುಕಟ್ಟಿ ಚರ್ಮವು ಬಿರಿಯದಂತೆ ಪಾದಗಳಿಗೆ ಮುಲಾಮನ್ನು ತೊಡೆದು ಬಟ್ಟೆಯ ಚೀಲಗಳನ್ನು ತೊಡಿಸಬೇಕು. ಹದಿನಾಲ್ಕು ನಾಯಿಗಳ ತಂಡವಾದರೆ ಐವತ್ತಾರು ಪಾದಗಳು, ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿಯೇ ಮುಂದುವರಿಯಬೇಕು. ದೂರದ ಪಂದ್ಯಗಳಲ್ಲಿ ಓಡುವ ನಾಯಿಯೊಂದಕ್ಕೆ ದಿನಕ್ಕೆ ಸುಮಾರು 10,000 ಕ್ಯಾಲೊರಿಗಳಷ್ಟು, ಎಂದರೆ ಅದಕ್ಕಿಂತ ಮೂರುಪಟ್ಟು ತೂಗುವ ಮನುಷ್ಯನು ಉಣ್ಣುವುದರ ನಾಲ್ಕುಪಟ್ಟು ಆಹಾರವು ಬೇಕಾಗುವುದು. ಅದೇ ನಾಯಿಯು ಕೆಲಸವಿಲ್ಲದೆ ಮಲಗಿದ್ದರೆ ಅದರ ಗಾತ್ರಕ್ಕೆ ಆಶ್ಚರ್ಯವೆನ್ನಿಸುವಷ್ಟು ಅಲ್ಪವೇ ಸಾಕು. ಈ ಮರ್ಮವನ್ನರಿಯದೆ ನಮ್ಮ ಮನೆಗಳಲ್ಲಿ ಕೆಲಸವಿಲ್ಲದ ಹಸ್ಕಿಗೆ ತಟ್ಟೆತುಂಬ ಬಡಿಸಿ, ಅದು ಮುಖ ತಿರುಗಿಸಿದಾಗ ಕಾಯಿಲೆಯೆಂದು ಗಾಬರಿಪಡುವವರು ಅನೇಕರು.

ಇವೆಲ್ಲಕ್ಕಿಂತ ಗಹನವಾದುದು ಬಳಗದ ಶೀಲ. ತಂಡದಲ್ಲಿ ಎಲ್ಲ ನಾಯಿಗಳೂ ಒಂದೇ ಬಗೆಯವಲ್ಲ. ಮುಂದೆ ನಿಲ್ಲುವ ಮುಂದಾಳು ನಾಯಿಗೆ ಮಾತಿನ ಆಜ್ಞೆಯನ್ನು ಕೇಳಿ ದಾರಿ ಹಿಡಿಯುವ ಬುದ್ಧಿಯೂ, ಹಿಮದ ಅಡಿಯಲ್ಲಿ ಮಂಜುಗಡ್ಡೆ ತೆಳುವಾಗಿರುವುದನ್ನು ಅರಿತಾಗ ಒಡೆಯನ ಆಜ್ಞೆಯನ್ನೇ ಮೀರಿ ನಿಲ್ಲುವ ಧೈರ್ಯವೂ ಇರಬೇಕು. ಅದರ ಹಿಂದಿನ ಜೋಡಿಯು ಇಡಿಯ ಸಾಲನ್ನು ತಿರುವಿನಲ್ಲಿ ಸರಾಗವಾಗಿ ಹೊರಳಿಸತಕ್ಕದ್ದು. ಬಂಡಿಗೆ ಅತ್ಯಂತ ಸಮೀಪದಲ್ಲಿರುವ ಜೋಡಿಗೆ ಭಾರವನ್ನು ತಾಳುವ ಕಸುವೂ ಬೆನ್ನ ಹಿಂದಿನ ಸದ್ದಿಗೆ ಬೆದರದ ಸ್ಥೈರ್ಯವೂ ಅವಶ್ಯ. ಯಾವ ನಾಯಿಯನ್ನು ಯಾವುದರ ಪಕ್ಕದಲ್ಲಿ ಕಟ್ಟಿದರೆ ಎರಡೂ ಹುರುಪಿನಿಂದ ಎಳೆಯುವುವು, ಯಾವ ಎರಡನ್ನು ಜೊತೆಗೂಡಿಸಿದರೆ ಹಲ್ಲು ಮಸೆಯುವುವು ಎಂಬುದನ್ನು ವರ್ಷಗಳ ಸಹವಾಸದಿಂದ ಬಲ್ಲವನೇ ಒಳ್ಳೆಯ ಬಂಡಿಕಾರ. ಎಳೆಯ ಮರಿಯನ್ನು ಅನುಭವವುಳ್ಳ ಹಿರಿಯ ನಾಯಿಯ ಪಕ್ಕದಲ್ಲಿ ಕಟ್ಟಿ ಓಡಿಸುತ್ತಾರೆ. ಕಲಿಸುವವನು ಮನುಷ್ಯನಲ್ಲ, ಆ ಹಿರಿಯ ನಾಯಿಯೇ. ಎದೆಪಟ್ಟಿಗಳನ್ನು ಹೊರಗೆ ತಂದೊಡನೆ, ಇಂದು ತನ್ನನ್ನು ಕರೆದೊಯ್ಯುವರೋ ಇಲ್ಲವೋ ಎಂಬ ತವಕದಿಂದ ಅಂಗಳದ ನಾಯಿಗಳೆಲ್ಲವೂ ಒಮ್ಮೆಗೇ ಕೂಗಿ, ನೆಗೆದು, ಊಳಿಡುವುವು. ಗೂಟದಿಂದ ಬಿಚ್ಚಿದ ಬಂಡಿಯು ಮುಂದಕ್ಕೆ ಚಿಮ್ಮಿದ ಮರುಕ್ಷಣವೇ ಆ ಗದ್ದಲವೆಲ್ಲವೂ ಅಡಗಿ, ಪಾದಗಳ ಸದ್ದೂ ಬಂಡಿಯು ಹಿಮದಲ್ಲಿ ಜಾರುವ ಸದ್ದೂ ಮಾತ್ರ ಉಳಿಯುವುವು. ಯಾವುದಕ್ಕಾಗಿ ಹುಟ್ಟಿದೆಯೋ ಅದು ದೊರಕಿದಾಗ ಪ್ರಾಣಿಗೆ ಉಂಟಾಗುವ ತೃಪ್ತಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇರೆ ಬೇಕಿಲ್ಲ.

ಇದೆಲ್ಲವನ್ನೂ ಸ್ವರ್ಗವೆಂದು ಬಣ್ಣಿಸುವುದು ನನ್ನ ಉದ್ದೇಶವಲ್ಲ. ಆಂಕರೇಜಿನಿಂದ ನೋಮಿನವರೆಗೆ ಸುಮಾರು 1,600 ಕಿಲೋಮೀಟರುಗಳ ದೂರ ನಡೆಯುವ ಇಡಿಟರೋಡ್ ಪಂದ್ಯವನ್ನು, ಹಿಮದ ಮೇಲೋಡುವ ಯಂತ್ರಗಳು ಹಳ್ಳಿಗಳಿಂದ ನಾಯಿಗಳನ್ನು ಹೊರದೂಡುತ್ತಿದ್ದ ಕಾಲದಲ್ಲಿ, ಆ ಸಂಸ್ಕೃತಿಯು ಅಳಿಯದಿರಲೆಂದು ಜೋ ರೆಡಿಂಗ್ಟನ್ ಮೊದಲಾದವರು 1973ರಲ್ಲಿ ಆರಂಭಿಸಿದರು. ಆದರೆ ಅದೇ ಪಂದ್ಯದಲ್ಲಿ ನಾಯಿಗಳು ಸತ್ತದ್ದೂ ಉಂಟು, ಆ ಕಾರಣದಿಂದ ಪ್ರಾಣಿದಯಾಪರರು ಅದನ್ನು ಖಂಡಿಸುತ್ತ ಬಂದಿರುವುದೂ ಉಂಟು. ಒಂದು ಸಲ 24 ಗಂಟೆಗಳ, ಎರಡು ಸಲ ಎಂಟೆಂಟು ಗಂಟೆಗಳ ವಿಶ್ರಾಂತಿಯನ್ನು ನಿಯಮವೇ ಕಡ್ಡಾಯಗೊಳಿಸಿದೆ. ತಂಗುದಾಣಗಳಲ್ಲಿ ಪಶುವೈದ್ಯರು ನಾಯಿಗಳನ್ನು ಪರೀಕ್ಷಿಸುವರು, ಬಳಲಿದುದನ್ನು ತಂಡದಿಂದ ಬಿಡಿಸಿ ಹಿಂದಕ್ಕೆ ಕಳುಹಿಸುವರು. ಇಷ್ಟಾದರೂ ಪ್ರಶ್ನೆಯು ತೀರಿತೆನ್ನಲಾಗದು. ದುಡಿಮೆಯನ್ನು ಬಯಸುವ ಪ್ರಾಣಿಯಿಂದ ಎಷ್ಟು ದುಡಿಸಬಹುದೆಂಬುದನ್ನು ನಿರ್ಣಯಿಸುವ ಭಾರವು ಮನುಷ್ಯನ ಮೇಲೆಯೇ ಇರುವುದರಿಂದ, ಆ ನಿರ್ಣಯವು ನಾಯಿಯ ಹಿತಕ್ಕಾಗಿಯೇ ಆಗಬೇಕು.

ಕೀರ್ತಿಯು ನಾಯಿಯನ್ನು ಕಾಪಾಡಲಾರದೆಂಬುದಕ್ಕೆ ಬಾಲ್ಟೋವಿನ ಚರಿತ್ರೆಯೇ ಸಾಕ್ಷಿ. 1925ರ ಜನವರಿಯಲ್ಲಿ ನೋಮ್ ಪಟ್ಟಣದಲ್ಲಿ ಡಿಫ್ತೀರಿಯಾ ಎಂಬ ಗಂಟಲಮಾರಿಯು ತಲೆದೋರಿ ಮಕ್ಕಳನ್ನು ಬಲಿತೆಗೆದುಕೊಳ್ಳತೊಡಗಿದಾಗ, ಕಡಲು ಹೆಪ್ಪುಗಟ್ಟಿ ಹಡಗಿನ ದಾರಿ ಮುಚ್ಚಿತ್ತು. ರೈಲು ಬರುತ್ತಿದ್ದ ನೆನಾನಾದಿಂದ ನೋಮಿಗೆ ಸುಮಾರು 1,085 ಕಿಲೋಮೀಟರುಗಳ ದೂರ. ಇಪ್ಪತ್ತು ಮಂದಿ ಬಂಡಿಕಾರರೂ ಸುಮಾರು 150 ನಾಯಿಗಳೂ ಒಬ್ಬರಿಂದೊಬ್ಬರಿಗೆ ಔಷಧವನ್ನು ದಾಟಿಸುತ್ತ, ಬಿರುಗಾಳಿಯಲ್ಲಿ ಐದೂವರೆ ದಿನಗಳಲ್ಲಿ ಅದನ್ನು ತಲುಪಿಸಿದರು. ಅತ್ಯಂತ ದೀರ್ಘವೂ ಅಪಾಯಕರವೂ ಆದ ಭಾಗವನ್ನು ಲಿಯೊನ್‌ಹಾರ್ಡ್ ಸೆಪ್ಪಾಲನ ತಂಡವು, ಆಗಲೇ ಹನ್ನೆರಡು ವರ್ಷ ವಯಸ್ಸಾಗಿದ್ದ ಟೋಗೋ ಎಂಬ ಹಸ್ಕಿಯ ಮುಂದಾಳುತನದಲ್ಲಿ ಕ್ರಮಿಸಿತು. ಕೊನೆಯ ಭಾಗವನ್ನು ಓಡಿ ಫೆಬ್ರವರಿ 2ರಂದು ಪಟ್ಟಣವನ್ನು ಹೊಕ್ಕ ಗುನ್ನಾರ್ ಕಾಸನ್ನನ ತಂಡದ ಮುಂದಾಳು ಬಾಲ್ಟೋ. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಬಾಲ್ಟೋವಿನ ಕಂಚಿನ ಪ್ರತಿಮೆಯು ನಿಂತಿತು. ಪ್ರತಿಮೆಗೆ ಹಾರ ಹಾಕಿದ ಲೋಕವು ಜೀವಂತ ನಾಯಿಯನ್ನು ಮರೆಯಿತು. ಕೈಯಿಂದ ಕೈಗೆ ಮಾರಾಟವಾಗಿ, ಬಾಲ್ಟೋವೂ ಅದರ ಆರು ಸಂಗಾತಿಗಳೂ ಲಾಸ್ ಏಂಜಲಿಸಿನ ಕ್ಷುದ್ರ ತಮಾಷೆಯ ಅಂಗಡಿಯೊಂದರಲ್ಲಿ ಕಾಸು ಕೊಟ್ಟವರಿಗೆ ತೋರಿಸುವ ವಸ್ತುಗಳಾಗಿ, ಕೃಶವಾಗಿ, ಕಟ್ಟಲ್ಪಟ್ಟಿದ್ದುವು. ಜಾರ್ಜ್ ಕಿಂಬಲ್ ಎಂಬ ಕ್ಲೀವ್‌ಲೆಂಡಿನ ವ್ಯಾಪಾರಿಯು ಅವುಗಳನ್ನು ಕಂಡು ಮರುಗಿ ಊರಿಗೆ ಕೂಗು ಹಾಕಿದನು. ಶಾಲೆಯ ಮಕ್ಕಳೂ ಕೂಡಿಸಿದ ಎರಡು ಸಾವಿರ ಡಾಲರುಗಳಿಂದ 1927ರಲ್ಲಿ ಏಳು ನಾಯಿಗಳೂ ಬಿಡುಗಡೆ ಹೊಂದಿ, ಕ್ಲೀವ್‌ಲೆಂಡಿನ ಮೃಗಾಲಯದಲ್ಲಿ ಒಟ್ಟಿಗೇ ಬಾಳಿದುವು. ಬಾಲ್ಟೋವನ್ನೊಂದನ್ನೇ ತಂದು ಉಳಿದುವನ್ನು ಬಿಟ್ಟುಬಿಡದೆ ಬಳಗವನ್ನೇ ತಂದುದರಲ್ಲಿ ಆ ಊರಿನ ಜನರು ತೋರಿದ ವಿವೇಕವನ್ನು ನಾನು ವಿಶೇಷವಾಗಿ ಶ್ಲಾಘಿಸುತ್ತೇನೆ.

ಆ ವಿವೇಕವು ಎಲ್ಲೆಡೆಯೂ ಇರಲಿಲ್ಲ. ಕೆನಡಾದ ವಿಸ್ಲರ್ ಎಂಬಲ್ಲಿ, 2010ರ ಚಳಿಗಾಲದ ಒಲಿಂಪಿಕ್ಸ್ ಮುಗಿದು ಪ್ರವಾಸಿಗರ ಸಂಖ್ಯೆ ಇಳಿದೊಡನೆ, ಬಂಡಿಸವಾರಿಗಾಗಿ ಇಟ್ಟುಕೊಂಡಿದ್ದ ಐವತ್ತಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂಳಲಾಯಿತು. ಆ ಘಟನೆಯಿಂದ ತಲ್ಲಣಿಸಿದ ಬ್ರಿಟಿಷ್ ಕೊಲಂಬಿಯಾ ಪ್ರಾಂತವು 2012ರಲ್ಲಿ ಹಿಮಬಂಡಿಯ ನಾಯಿಗಳ ಪಾಲನೆಗೆ ಪ್ರತ್ಯೇಕ ನಿಯಮಗಳನ್ನು ವಿಧಿಸಿತು. 2011ರಲ್ಲಿ ಆರಂಭವಾದ ‘ಗೇಮ್ ಆಫ್ ಥ್ರೋನ್ಸ್’ ಎಂಬ ದೂರದರ್ಶನ ಮಾಲಿಕೆಯ ಮಹಾತೋಳಗಳನ್ನು ನೋಡಿದವರು ಹಸ್ಕಿಗಳನ್ನು ಕೊಳ್ಳಲು ಮುಗಿಬಿದ್ದು, ಮರಿಯು ಬೆಳೆದು ಮನೆಯನ್ನು ಅಗೆಯತೊಡಗಿದಾಗ ಅವುಗಳನ್ನು ತೊರೆದರು. ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಆಶ್ರಯಧಾಮಗಳಿಗೆ ಬಂದು ಸೇರುವ ಹಸ್ಕಿಗಳು ಹೆಚ್ಚಿದುವು. ಆ ಮಾಲಿಕೆಯಲ್ಲಿ ನಟಿಸಿದ ಪೀಟರ್ ಡಿಂಕ್ಲೇಜನೇ 2017ರಲ್ಲಿ, ನೋಟಕ್ಕೆ ಮರುಳಾಗಿ ಹಸ್ಕಿಗಳನ್ನು ಕೊಳ್ಳಬೇಡಿರೆಂದು ಬಹಿರಂಗವಾಗಿ ವಿನಂತಿಸಬೇಕಾಯಿತು.

ಇನ್ನು ನಮ್ಮ ನಾಡಿನ ವಿಷಯ. ನಾಯಿಗೆ ಬೆವರಿನ ಗ್ರಂಥಿಗಳಿರುವುದು ಮುಖ್ಯವಾಗಿ ಅಂಗಾಲುಗಳಲ್ಲಿ. ಮೈಯ ಕಾವನ್ನು ಅದು ಏದುಸಿರಿನಿಂದ, ಎಂದರೆ ನಾಲಗೆಯ ಮೇಲಣ ತೇವವು ಆರಿಹೋಗುವುದರ ಮೂಲಕ, ಕಳೆದುಕೊಳ್ಳಬೇಕು. ಮಂಗಳೂರು, ಉಡುಪಿಗಳಂತೆ ಗಾಳಿಯೇ ತೇವದಿಂದ ತುಂಬಿರುವಲ್ಲಿ ಆ ಉಪಾಯವೂ ಸೋಲುತ್ತದೆ. ನಾಯಿಯ ಸಹಜ ದೇಹೋಷ್ಣವು ಸುಮಾರು 38ರಿಂದ 39 ಡಿಗ್ರಿ. ಅದು 41ನ್ನು ಮೀರಿದರೆ ಪ್ರಾಣಾಪಾಯ. ಅಲಾಸ್ಕಾದ ಬಂಡಿಕಾರರಲ್ಲಿ ಅನೇಕರು ಉಷ್ಣಮಾನವು 15 ಡಿಗ್ರಿಯನ್ನು ಮುಟ್ಟಿದರೆ ಓಡಿಸುವುದಕ್ಕೆ ಸೆಕೆ ಹೆಚ್ಚಾಯಿತೆಂದು ನಾಯಿಗಳನ್ನು ಬಂಡಿಗೆ ಕಟ್ಟುವುದೇ ಇಲ್ಲ. ಬೆಂಗಳೂರಿನಲ್ಲಿ ನಾವು ಶಾಲು ಹೊದೆದು ನಡುಗುವ ಪುಷ್ಯಮಾಸದ ಮುಂಜಾವಿನ ಚಳಿಯೂ ಹೆಚ್ಚುಕಡಿಮೆ ಅಷ್ಟೇ. ಅವರ ಪಾಲಿಗೆ ದುಡಿಮೆಯನ್ನು ನಿಲ್ಲಿಸತಕ್ಕ ಉಷ್ಣವು ನಮ್ಮ ವರ್ಷದ ಅತ್ಯಂತ ತಂಪಾದ ಗಳಿಗೆಯೆಂದ ಮೇಲೆ, ಚೈತ್ರ-ವೈಶಾಖಗಳ ಮಧ್ಯಾಹ್ನಗಳನ್ನು ಕುರಿತು ಹೇಳತಕ್ಕದ್ದೇನು?

ಸೈಬೀರಿಯಾದಲ್ಲಿಯೂ ಅಲಾಸ್ಕಾದಲ್ಲಿಯೂ ಬೇಸಿಗೆಯಿಲ್ಲವೆ, ಒಮ್ಮೊಮ್ಮೆ ಅಲ್ಲಿಯೂ 30 ಡಿಗ್ರಿಯ ಬಿಸಿಲು ಕಾಯುವುದಿಲ್ಲವೆ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆ. ಅಲ್ಲಿ ಬೇಸಿಗೆಯು ನಾಯಿಗಳಿಗೆ ಬಿಡುವಿನ ಋತು. ಅವು ತಂಪುನೆಲವನ್ನು ಅಗೆದು ಅದರಲ್ಲಿ ಮಲಗಿ ದಿನ ನೂಕುವುವು. ಕೆಲವು ವಾರಗಳಲ್ಲಿಯೇ ಇರುಳು ತಂಪಾಗಿ ಓಟದ ಕಾಲವು ಮರಳುವುದು. ನಮ್ಮಲ್ಲಿ ಮರಳಿ ಬರುವ ಆ ಕಾಲವೇ ಇಲ್ಲ. ಮನೆಯಲ್ಲಿ ಹವಾನಿಯಂತ್ರಣವನ್ನಿರಿಸಿದ್ದೇವೆಂದು ಸಮಾಧಾನ ಹೇಳುವವರಿಗೂ ನನ್ನ ಉತ್ತರವು ಇಷ್ಟೆ: ಯಂತ್ರವು ತಂಪನ್ನು ಕೊಟ್ಟೀತು, ಆದರೆ ಆ ತಂಪು ಇರುವುದು ಮುಚ್ಚಿದ ಕೋಣೆಯೊಳಗೆ, ಓಟವಿರುವುದು ಹೊರಗೆ, ಬಿಸಿಲಿನಲ್ಲಿ. ಒಂದನ್ನು ಕೊಡಲು ಇನ್ನೊಂದನ್ನು ಕಸಿಯಬೇಕಾಗುವ ಊರಿನಲ್ಲಿ, ಸಂಗಾತಿಗಳಿಲ್ಲದೆ ಹಗಲೆಲ್ಲ ಒಂಟಿಯಾಗಿರುವ ಹಸ್ಕಿಯು ಸೋಫಾವನ್ನು ಹರಿದರೆ, ಬಾಗಿಲನ್ನು ಕೆರೆದರೆ, ನೆರೆಯವರ ನಿದ್ದೆ ಕೆಡುವಂತೆ ಊಳಿಟ್ಟರೆ, ಅದನ್ನು ದುಷ್ಟಸ್ವಭಾವದ್ದೆಂದು ದೂಷಿಸುವುದು ಅನ್ಯಾಯ.

ಹಾಗಾದರೆ ಈಗಾಗಲೇ ಮನೆಗೆ ತಂದುಬಿಟ್ಟವರು ಏನು ಮಾಡತಕ್ಕದ್ದು? ತೊರೆಯುವುದು ಪರಿಹಾರವಲ್ಲ, ಅದು ಎರಡನೆಯ ಅಪರಾಧ. ಬೇಸಿಗೆಯಲ್ಲಿ ಸೂರ್ಯೋದಯಕ್ಕೆ ಮೊದಲೇ ಎದ್ದು ಅದನ್ನು ಚೆನ್ನಾಗಿ ಓಡಾಡಿಸಿರಿ. ಕಾದ ಡಾಂಬರಿನ ಮೇಲೆ ನಡೆಸಬೇಡಿರಿ. ತುಪ್ಪಳವನ್ನು ಬೋಳಿಸಬೇಡಿರಿ, ಆ ಇಮ್ಮಡಿ ಹೊದಿಕೆಯು ಚಳಿಯನ್ನು ತಡೆಯುವಂತೆಯೇ ಬಿಸಿಲನ್ನೂ ತಕ್ಕಮಟ್ಟಿಗೆ ತಡೆಯುತ್ತದೆ, ಒಳತುಪ್ಪಳವು ಉದುರುವ ಕಾಲದಲ್ಲಿ ದಿನವೂ ಬಾಚಿ ತೆಗೆಯಿರಿ. ಹಗ್ಗವಿಲ್ಲದೆ ಬಯಲಿನಲ್ಲಿ ಬಿಡಬೇಡಿರಿ, ಓಡತೊಡಗಿದ ಹಸ್ಕಿಗೆ ಕರೆಯು ಕೇಳಿಸದು. ಒಂದಕ್ಕಿಂತ ಹೆಚ್ಚು ಸಾಕುವವರು ಊಟದ ತಟ್ಟೆಗಳನ್ನು ದೂರದೂರವಿಡಿರಿ. ಸಂತಾನಹರಣ ಚಿಕಿತ್ಸೆಯನ್ನು ಮಾಡಿಸಿರಿ. ಬೇಲಿಯು ಎತ್ತರವಾಗಿದ್ದರೆ ಸಾಲದು, ಬುಡವೂ ನೆಲದೊಳಗೆ ಆಳವಾಗಿರಲಿ. ಸತುವಿನ ಕೊರತೆಯಿಂದ ಬರುವ ಚರ್ಮರೋಗವೂ ವಂಶಪಾರಂಪರ್ಯದ ಕಣ್ಣಿನ ಪೊರೆಯೂ ಈ ತಳಿಯಲ್ಲಿ ಕಾಣುವುದರಿಂದ ಪಶುವೈದ್ಯರ ಕಡೆಗೆ ಕಾಲಕಾಲಕ್ಕೆ ಒಯ್ಯಿರಿ. ಸಾಕಲಾಗದ ಸ್ಥಿತಿಯೇ ಬಂದರೆ, ಹಿಮಾಚಲವೋ ಉತ್ತರಾಖಂಡವೋ ಅಂಥ ತಂಪುನಾಡಿನಲ್ಲಿ, ಬಯಲೂ ಬಳಗವೂ ಇರುವ ಮನೆಯನ್ನು ತಾವೇ ಹುಡುಕಿ, ಕಣ್ಣಾರೆ ನೋಡಿ ಒಪ್ಪಿಸಿರಿ.

ಸರ್ಕಾರದ ಕರ್ತವ್ಯವೂ ಇಲ್ಲಿ ಅಲ್ಪವಲ್ಲ. ವ್ಯಾಪಾರಕ್ಕಾಗಿ ಮರಿಮಾಡಿಸುವ ನಾಯಿಗಳ ಆಮದನ್ನು ಕೇಂದ್ರ ಸರ್ಕಾರವು 2016ರಲ್ಲಿ ತಡೆಯಿತು. ಮರಿಮಾಡಿಸಿ ಮಾರುವವರು ರಾಜ್ಯದ ಪ್ರಾಣಿಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕೆಂದೂ, ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದೂ 2017ರ ನಿಯಮಗಳು ಕಟ್ಟುಮಾಡಿವೆ. ಹೊರಗಿನ ಬಾಗಿಲನ್ನು ಮುಚ್ಚಿದರೂ ಒಳಗಿನ ವ್ಯಾಪಾರಕ್ಕೆ ಕಾವಲಿಲ್ಲದಿದ್ದರೆ ಫಲವೇನು? ನೋಂದಣಿಯಾದವರ ಪಟ್ಟಿಯು ಪ್ರತಿ ಜಿಲ್ಲೆಯಲ್ಲಿಯೂ ಜನರಿಗೆ ಕಾಣುವಂತಿರಬೇಕು. ನೋಂದಣಿಯಿಲ್ಲದ ಮಾರಾಟಕ್ಕೆ ದಂಡವಾಗಬೇಕು. ಇಲ್ಲಿನ ಹವೆಗೆ ಒಗ್ಗದ ತಳಿಗಳ ಮರಿಮಾಡಿಸುವಿಕೆಯನ್ನು ನಮ್ಮ ರಾಜ್ಯದಲ್ಲಿ ಪೂರ್ತಿಯಾಗಿ ನಿಲ್ಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಾಯಿಯೊಡನೆ ಓಡಬಯಸುವ ಕನ್ನಡಿಗರಿಗೆ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯಿದೆ. ಈ ಬಿಸಿಲಿನಲ್ಲಿಯೇ ಬೆಳೆದ, ಬಯಲನ್ನು ಬಯಸುವ, ಬೇಟೆಯ ಕುಲ ಅದು. ಅದಕ್ಕೂ ಓಟ ಬೇಕು, ಅದೂ ಬಾಲ್ಕನಿಗೆ ಹುಟ್ಟಿದುದಲ್ಲವೆಂಬುದನ್ನು ಮರೆಯದೆ ತರತಕ್ಕದ್ದು. ಅದಕ್ಕೂ ಅವಕಾಶವಿಲ್ಲದ ಮನೆಗೆ ಬೀದಿಯಲ್ಲಿ ಅನಾಥವಾಗಿ ಹುಟ್ಟಿದ ಮರಿಯೊಂದು ಸಂತೋಷದಿಂದ ಹೊಂದಿಕೊಂಡೀತು.

ಕೊಳ್ಳುವ ಮುನ್ನ ಪ್ರತಿಯೊಬ್ಬನೂ ತನ್ನನ್ನು ತಾನೇ ಮೂರು ಪ್ರಶ್ನೆ ಕೇಳಿಕೊಳ್ಳಲಿ: ಈ ಪ್ರಾಣಿಗೆ ಬೇಕಾದ ಹವೆಯನ್ನು ನಾನು ಕೊಡಬಲ್ಲೆನೆ? ಅದು ಹುಟ್ಟಿಬಂದ ದುಡಿಮೆಯನ್ನು ಅದಕ್ಕೆ ದಿನವೂ ಒದಗಿಸಬಲ್ಲೆನೆ? ನಾನು ಕಚೇರಿಗೆ ಹೋದ ಮೇಲೆ ಅದಕ್ಕೆ ಸಂಗಾತಿ ಯಾರು? ಹಸ್ಕಿಯ ವಿಷಯದಲ್ಲಿ, ನಮ್ಮ ಊರುಗಳಲ್ಲಿ, ಪ್ರಾಮಾಣಿಕವಾಗಿ ಉತ್ತರಿಸುವವನಿಗೆ ಮೊದಲನೆಯ ಪ್ರಶ್ನೆಯಲ್ಲಿಯೇ ನಿರ್ಣಯವು ದೊರಕುವುದು. ಅಂಥವನು ಕೊಳ್ಳದೆ ಹಿಂದಿರುಗಿದರೆ, ಆ ನಾಯಿಯ ಮೇಲಣ ಅವನ ಪ್ರೀತಿಯು ಕೊಂಡವನ ಪ್ರೀತಿಗಿಂತ ಕಡಮೆಯದೆಂದು ಯಾರೂ ಹೇಳಲಾರರು.